ಸೇವಾದಾತರ ಮಾರ್ಗದಲ್ಲಿ ಜಾಲದ ಸೇವಾ ಗುಣಮಟ್ಟ: ಬೆಳಗಾವಿ – ಖಾನಾಪುರ ಸಂಪರ್ಕದ ಉದಾಹರಣೆಯೊಂದಿಗೆ

ಪೀಠಿಕೆ

ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಚೇರಿಗಳನ್ನು ಜೋಡಿಸುವ ದತ್ತಾಂಶ ಮಾರ್ಗಗಳು ಸಾಮಾನ್ಯವಾಗಿ ದೂರಸಂಪರ್ಕ ಸೇವಾದಾತ ಸಂಸ್ಥೆಗಳಿಂದ ಬಾಡಿಗೆಗೆ ಪಡೆದವುಗಳಾಗಿರುತ್ತವೆ. ಮಾರ್ಗದ ಎರಡು ತುದಿಗಳಲ್ಲಿರುವ ರೌಟರ್‌ಗಳು ಕಚೇರಿಯ ಅಧೀನದಲ್ಲಿರುತ್ತವೆ; ನಡುವಿನ ಜಾಲವು ಸೇವಾದಾತರದು. ಈ ಒಂದೇ ಮಾರ್ಗದಲ್ಲಿ ಪಹಣಿ ಮತ್ತು ಪ್ರಮಾಣಪತ್ರಗಳ ವಿವರ, ದೂರವಾಣಿ ಧ್ವನಿ, ವೀಡಿಯೋ ಸಭೆ, ಇ-ಕಚೇರಿಯ ಕಡತಗಳು, ಇ-ಅಂಚೆ, ಗಣಕಯಂತ್ರಗಳ ತಂತ್ರಾಂಶ ನವೀಕರಣ ಎಲ್ಲವೂ ಒಟ್ಟಿಗೆ ಸಂಚರಿಸುತ್ತವೆ. ಮಾರ್ಗವು ಭರ್ತಿಯಾದಾಗ ಇವುಗಳಲ್ಲಿ ಯಾವುದು ಮೊದಲು ಹೋಗಬೇಕು, ಯಾವುದು ಕಾಯಬಹುದು, ಯಾವುದನ್ನು ಕೈಬಿಟ್ಟರೂ ಬಾಧಕವಿಲ್ಲ ಎಂಬುದನ್ನು ಮುಂಚಿತವಾಗಿ ನಿರ್ಧರಿಸಿ ಸಾಧನಗಳಲ್ಲಿ ಅಳವಡಿಸುವ ವ್ಯವಸ್ಥೆಯನ್ನು ಜಾಲದ ಸೇವಾ ಗುಣಮಟ್ಟ ಅಥವಾ ಕ್ವಾಲಿಟಿ ಆಫ್ ಸರ್ವಿಸ್ ಎಂದು ಕರೆಯಲಾಗುತ್ತದೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸೇವಾದಾತರಿಗೆ ವಿಧಿಸುವ ಮಾನದಂಡಗಳಿಗೂ ಇದೇ ಹೆಸರು ಬಳಕೆಯಲ್ಲಿದೆ. ಈ ಪುಟದಲ್ಲಿ ಹೇಳಿರುವುದು ಅದಲ್ಲ. ಬಾಡಿಗೆ ಮಾರ್ಗವನ್ನು ಬಳಸುವ ಕಚೇರಿಯು ತನ್ನ ಸಾಧನಗಳಲ್ಲಿ ತಾನೇ ಮಾಡಬೇಕಾದ ಏರ್ಪಾಡು.

ವಿಷಯವನ್ನು ಸ್ಪಷ್ಟಪಡಿಸಲು ಬೆಳಗಾವಿ ನಗರ ಮತ್ತು ಅಲ್ಲಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದ ನಡುವಿನ ಸಂಪರ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇಲ್ಲಿ ನೀಡಿರುವ ಮಾರ್ಗದ ವೇಗ ಮತ್ತು ಹಂಚಿಕೆಯ ಅಂಕಿಗಳು ಲೆಕ್ಕ ತೋರಿಸಲು ಆಯ್ದುಕೊಂಡವು. ಅವು ಯಾವುದೇ ಕಚೇರಿಯ ವಾಸ್ತವ ಮಾರ್ಗದ ವಿವರಗಳಲ್ಲ.

ಹಿನ್ನೆಲೆ

ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ 3,334 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ರಾಜ್ಯ ವಿಸ್ತೃತ ಪ್ರದೇಶ ಜಾಲ ಯೋಜನೆಗೆ ಅನುಮೋದನೆ ನೀಡಿತು. ರಾಜ್ಯ ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೂ ಅಲ್ಲಿಂದ ತಾಲ್ಲೂಕು ಅಥವಾ ಬ್ಲಾಕ್ ಮಟ್ಟಕ್ಕೂ ಕನಿಷ್ಠ 2 ಮೆಗಾಬಿಟ್ ವೇಗದ ಸಂಪರ್ಕ ಒದಗಿಸುವುದು ಅದರ ಉದ್ದೇಶ. ಕರ್ನಾಟಕದಲ್ಲಿ ಈ ಜಾಲವು ಕೆಸ್ವಾನ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಬೆಂಗಳೂರು, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಎಂಬ ಮೂರು ಸ್ತರಗಳಲ್ಲಿ ಅದನ್ನು ರೂಪಿಸಲಾಯಿತು.

ಇದಕ್ಕೆ ಮುನ್ನವೇ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಭೂದಾಖಲೆಗಳು ಗಣಕೀಕರಣಗೊಂಡಿದ್ದವು. ಮೊದಲ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿದ್ದ ಕಾರಣ ಹೊರಗಿನ ಮಾರ್ಗ ಕಡಿದುಹೋದರೂ ಪಹಣಿ ಮುದ್ರಣ ನಿಲ್ಲುತ್ತಿರಲಿಲ್ಲ. ಕ್ರಮೇಣ ದಾಖಲೆಗಳೂ ತಂತ್ರಾಂಶಗಳೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಆಶ್ರಯಿಸಿದವು. ಒಂದೇ ಕಡೆ ದಾಖಲೆ ಇರುವುದರಿಂದ ಅನುಕೂಲ ಬಹಳ. ಆದರೆ ಅದರೊಂದಿಗೆ ತಾಲ್ಲೂಕು ಕಚೇರಿಯ ಕೌಂಟರ್‌ನ ಪ್ರತಿಯೊಂದು ಕೆಲಸವೂ ಬಾಡಿಗೆ ಮಾರ್ಗದ ಸ್ಥಿತಿಗೆ ಅಧೀನವಾಯಿತು ಎಂಬುದನ್ನು ಗಮನಿಸಬೇಕು.

ಖಾನಾಪುರ ತಾಲ್ಲೂಕಿನ ಸನ್ನಿವೇಶದಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ತಾಲ್ಲೂಕಿನ ದೊಡ್ಡ ಭಾಗ ಪಶ್ಚಿಮ ಘಟ್ಟದ ಅರಣ್ಯ ಪ್ರದೇಶ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ, ಭೀಮಗಡ ವನ್ಯಜೀವಿ ಧಾಮದ ಅಂಚಿನ ಹಳ್ಳಿಗಳು ಇದೇ ತಾಲ್ಲೂಕಿನವು. ಅಲ್ಲಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗಬೇಕಾದ ಅರ್ಜಿದಾರನಿಗೆ ಕೌಂಟರ್‌ನಲ್ಲಿ ಕಳೆದ ಒಂದು ಗಂಟೆ ಎಂದರೆ ಕೆಲವೊಮ್ಮೆ ಮತ್ತೊಂದು ದಿನದ ಕೂಲಿ. ಸಕಾಲ ಅಧಿನಿಯಮ, 2011 ಜಾರಿಯಾದ ಬಳಿಕ ಸೇವೆಗಳಿಗೆ ದಿನಗಳ ಗಡುವು ನಿಗದಿಯಾಗಿದೆ. ಆದರೆ ಪರದೆಯ ಮುಂದೆ ನಿಂತು ಕಾಯುವ ನಿಮಿಷಗಳನ್ನು ಯಾವ ಗಡುವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ನಿಮಿಷಗಳು ಮಾರ್ಗದ ಸರತಿಯಲ್ಲಿ ವ್ಯಯವಾಗುತ್ತಿದ್ದರೆ ಅದನ್ನು ಸರಿಪಡಿಸುವುದು ಸಾಧ್ಯ.

ಸರತಿ ಎಲ್ಲಿ ಉಂಟಾಗುತ್ತದೆ?

ಖಾನಾಪುರದ ಕಚೇರಿಗೆ 10 ಮೆಗಾಬಿಟ್ ವೇಗದ ಮಾರ್ಗವನ್ನು ಗುತ್ತಿಗೆ ಪಡೆಯಲಾಗಿದೆ ಎಂದು ಭಾವಿಸೋಣ. ಸೇವಾದಾತರು ಕಚೇರಿಯ ರೌಟರ್‌ಗೆ ಜೋಡಿಸುವ ತಂತಿಯು ಮಾತ್ರ 100 ಮೆಗಾಬಿಟ್‌ನ ಈಥರ್ನೆಟ್ ಆಗಿರುತ್ತದೆ. ಕಚೇರಿಯ ರೌಟರ್‌ಗೆ ತಿಳಿದಿರುವುದು 100 ಎಂಬ ಅಂಕಿಯೇ ಹೊರತು ಗುತ್ತಿಗೆಯ 10 ಅಲ್ಲ. ಆದುದರಿಂದ ಅದು ಪ್ಯಾಕೆಟ್‌ಗಳನ್ನು ಬಂದ ವೇಗದಲ್ಲಿಯೇ ಹೊರಗೆ ಕಳುಹಿಸುತ್ತದೆ. ಅದರಲ್ಲಿ ಸರತಿಯೇ ಉಂಟಾಗುವುದಿಲ್ಲ. ಸರತಿ ಉಂಟಾಗದ ಸಾಧನದಲ್ಲಿ ಆದ್ಯತೆಯ ನಿಯಮ ಬರೆದರೆ ಆ ನಿಯಮಕ್ಕೆ ಕೆಲಸವಿರುವುದಿಲ್ಲ. ಪ್ರವಾಹವು ಸೇವಾದಾತರ ಸಾಧನವನ್ನು ತಲುಪಿದಾಗ ಅಲ್ಲಿ 10 ಮೆಗಾಬಿಟ್‌ನ ಮಿತಿ ಎದುರಾಗುತ್ತದೆ. ಆ ಮಿತಿಯನ್ನು ಜಾರಿಗೊಳಿಸುವ ವಿಧಾನಗಳು ಎರಡು: ಮಿತಿ ಮೀರಿದ್ದನ್ನು ಆ ಕ್ಷಣವೇ ಬಿಸಾಡುವುದು, ಅಥವಾ ತನ್ನ ಸ್ಮೃತಿಯಲ್ಲಿ ತಡೆಹಿಡಿದು ನಿಧಾನವಾಗಿ ಬಿಡುವುದು. ಮೊದಲನೆಯದಕ್ಕೆ ಪೊಲೀಸಿಂಗ್ ಎಂದೂ ಎರಡನೆಯದಕ್ಕೆ ಶೇಪಿಂಗ್ ಎಂದೂ ಹೆಸರು. ಎರಡರಲ್ಲಿಯೂ ಸೇವಾದಾತರ ಸಾಧನಕ್ಕೆ ಪಹಣಿಯ ಪ್ಯಾಕೆಟ್ ಯಾವುದು, ಚಲನಚಿತ್ರದ ಪ್ಯಾಕೆಟ್ ಯಾವುದು ಎಂಬ ಅರಿವು ಇರುವುದಿಲ್ಲ.

ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಸೇವಾದಾತರ ಸಾಧನವು 1,500 ಬೈಟ್ ಗಾತ್ರದ 500 ಪ್ಯಾಕೆಟ್‌ಗಳನ್ನು ತಡೆಹಿಡಿಯುವಂತಿದ್ದರೆ ಒಟ್ಟು 60 ಲಕ್ಷ ಬಿಟ್‌ಗಳಾಗುತ್ತವೆ. 10 ಮೆಗಾಬಿಟ್ ಮಾರ್ಗದಲ್ಲಿ ಇವು ತೆರವಾಗಲು 0.6 ಸೆಕೆಂಡ್ ಬೇಕು. ಹಿಂದಿನ 2 ಮೆಗಾಬಿಟ್ ಮಾರ್ಗದಲ್ಲಾದರೆ ಸುಮಾರು 3 ಸೆಕೆಂಡ್. ಸಿಬ್ಬಂದಿಯೊಬ್ಬರು 40 ಮೆಗಾಬೈಟ್‌ನ ಸ್ಕ್ಯಾನ್ ಮಾಡಿದ ಕಡತವನ್ನು ಬೆಂಗಳೂರಿಗೆ ಕಳುಹಿಸುತ್ತಿರುವ ಅರ್ಧ ನಿಮಿಷಕ್ಕೂ ಮೀರಿದ ಅವಧಿಯಲ್ಲಿ ಈ ಸರತಿ ತುಂಬಿಯೇ ಇರುತ್ತದೆ. ಕೌಂಟರ್‌ನ ತಂತ್ರಾಂಶವು ಒಂದು ವ್ಯವಹಾರ ಪೂರೈಸಲು ದತ್ತಾಂಶ ಕೇಂದ್ರದೊಂದಿಗೆ 20 ಬಾರಿ ಪ್ರಶ್ನೋತ್ತರ ನಡೆಸುತ್ತದೆಂದು ಇಟ್ಟುಕೊಂಡರೆ, ಮಾರ್ಗ ಖಾಲಿ ಇದ್ದಾಗ ಒಂದು ಸುತ್ತಿಗೆ 20 ಮಿಲಿಸೆಕೆಂಡ್‌ನಂತೆ 0.4 ಸೆಕೆಂಡ್‌ನಲ್ಲಿ ಮುಗಿಯುವ ಕೆಲಸವು ಸರತಿ ತುಂಬಿದಾಗ 12 ಸೆಕೆಂಡ್‌ಗೂ ಮೀರುತ್ತದೆ. ಅರ್ಜಿಯ ವಿವರ ಚಿಕ್ಕದು, ಮಾರ್ಗ ದೊಡ್ಡದು. ಆದರೂ ಪರದೆ ಸುತ್ತುತ್ತಲೇ ಇರುತ್ತದೆ. ಇಂತಹ ಸಂದರ್ಭದಲ್ಲಿ ಹೆಚ್ಚಿನ ವೇಗದ ಮಾರ್ಗ ಕೋರಿ ಪ್ರಸ್ತಾವನೆ ಸಲ್ಲಿಸುವುದು ವಾಡಿಕೆ. ದೊಡ್ಡ ಕಡತವು ಹೆಚ್ಚಿದ ವೇಗವನ್ನೂ ಅಷ್ಟೇ ಸುಲಭವಾಗಿ ಭರ್ತಿ ಮಾಡುತ್ತದೆ ಎಂಬುದನ್ನು ಪ್ರಸ್ತಾವನೆಗೆ ಮೊದಲು ಪರಿಶೀಲಿಸುವುದು ಒಳಿತು.

ಸರತಿಯನ್ನು ಕಚೇರಿಯ ಸಾಧನಕ್ಕೆ ತರುವುದು

ಪರಿಹಾರದ ಮೊದಲ ಹೆಜ್ಜೆ ಸರತಿಯ ಸ್ಥಳವನ್ನು ಬದಲಾಯಿಸುವುದು. ಖಾನಾಪುರದ ರೌಟರ್‌ನಿಂದ ಹೊರಡುವ ಒಟ್ಟು ಪ್ರವಾಹವನ್ನು ಗುತ್ತಿಗೆಯ ವೇಗಕ್ಕಿಂತ ತುಸು ಕಡಿಮೆಗೆ, ಉದಾಹರಣೆಗೆ 9.5 ಮೆಗಾಬಿಟ್‌ಗೆ, ಶೇಪಿಂಗ್ ಮೂಲಕ ಮಿತಿಗೊಳಿಸಿದರೆ ಸೇವಾದಾತರ ಸಾಧನದಲ್ಲಿ ಸರತಿ ನಿಲ್ಲುವುದಿಲ್ಲ. ಕಚೇರಿಯ ರೌಟರ್‌ನಲ್ಲಿಯೇ ನಿಲ್ಲುತ್ತದೆ. ಆ ಸರತಿಯ ಕ್ರಮವನ್ನು ನಿರ್ಧರಿಸುವ ಅಧಿಕಾರ ಆಗ ಕಚೇರಿಯದು. ಒಟ್ಟು ಮಿತಿಯನ್ನು ಹೊರಗಿನ ನಿಯಮವಾಗಿಯೂ ವರ್ಗವಾರು ಹಂಚಿಕೆಯನ್ನು ಅದರೊಳಗಿನ ನಿಯಮವಾಗಿಯೂ ಎರಡು ಹಂತಗಳಲ್ಲಿ ಬರೆಯಬೇಕು. ಹೊರಗಿನ ಮಿತಿಯಿಲ್ಲದೆ ಒಳಗಿನ ಹಂಚಿಕೆಯನ್ನು ಮಾತ್ರ ಬರೆದಿರುವುದು ಕ್ಷೇತ್ರದಲ್ಲಿ ಪದೇ ಪದೇ ಕಂಡುಬರುವ ದೋಷ. ನಿಯಮವು ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ, ಎಣಿಕೆಗಳೂ ಓಡುತ್ತವೆ, ಫಲಿತಾಂಶ ಮಾತ್ರ ಶೂನ್ಯ.

ಶೇಕಡಾ 5ರಷ್ಟು ಕಡಿತವೇ ಏಕೆ ಎಂಬ ಪ್ರಶ್ನೆ ಸಹಜ. ಪ್ರತಿಯೊಂದು ಐಪಿ ಪ್ಯಾಕೆಟ್ ಈಥರ್ನೆಟ್ ತಂತಿಯ ಮೇಲೆ ಸಾಗುವಾಗ ಚೌಕಟ್ಟಿನ ಶಿರೋಭಾಗ, ತಪಾಸಣಾ ಮೊತ್ತ, ಮುನ್ಸೂಚನೆ ಮತ್ತು ಎರಡು ಚೌಕಟ್ಟುಗಳ ನಡುವಿನ ಅಂತರ ಸೇರಿ 38 ಬೈಟ್‌ಗಳ ಹೆಚ್ಚುವರಿ ಹೊರೆ ಕೂಡುತ್ತದೆ. 1,500 ಬೈಟ್‌ನ ಪ್ಯಾಕೆಟ್‌ಗೆ ಇದು ಶೇಕಡಾ 2.5 ಮಾತ್ರ. 200 ಬೈಟ್‌ನ ಧ್ವನಿ ಪ್ಯಾಕೆಟ್‌ಗಾದರೆ ಶೇಕಡಾ 19. ಕಚೇರಿಯ ರೌಟರ್ ಐಪಿ ಗಾತ್ರವನ್ನು ಎಣಿಸಿ ಸೇವಾದಾತರು ತಂತಿಯ ಗಾತ್ರವನ್ನು ಎಣಿಸಿದರೆ ಲೆಕ್ಕ ತಾಳೆಯಾಗದೆ ಧ್ವನಿ ಪ್ಯಾಕೆಟ್‌ಗಳೇ ಹೆಚ್ಚಿರುವ ವೇಳೆಯಲ್ಲಿ ಮಿತಿ ಮೀರುತ್ತದೆ. ಆದುದರಿಂದ ಸೇವಾದಾತರು ಯಾವ ಗಾತ್ರವನ್ನು ಎಣಿಸುತ್ತಾರೆಂಬುದನ್ನು ಲಿಖಿತವಾಗಿ ಪಡೆದು, ರೌಟರ್‌ನಲ್ಲಿ ಹೆಚ್ಚುವರಿ ಹೊರೆಯನ್ನು ಸೇರಿಸಿ ಎಣಿಸುವ ಸೌಲಭ್ಯವಿದ್ದರೆ ಅದನ್ನು ಬಳಸುವುದು ಸೂಕ್ತ.

ಎದುರು ದಿಕ್ಕಿನ ಸಮಸ್ಯೆ

ಮೇಲಿನ ಏರ್ಪಾಡು ಖಾನಾಪುರದಿಂದ ಹೊರಡುವ ಪ್ರವಾಹಕ್ಕೆ ಸಂಬಂಧಿಸಿದ್ದು. ಆದರೆ ತಾಲ್ಲೂಕು ಕಚೇರಿಗೆ ಬರುವ ಪ್ರವಾಹವೇ ಸಾಮಾನ್ಯವಾಗಿ ಅಧಿಕ. ಬರುವ ಪ್ರವಾಹದ ಇಕ್ಕಟ್ಟು ಉಂಟಾಗುವುದು ಸೇವಾದಾತರ ಜಾಲದ ಕೊನೆಯ ಸಾಧನದಲ್ಲಿ, ಅಂದರೆ 10 ಮೆಗಾಬಿಟ್‌ನ ಮಾರ್ಗ ಆರಂಭವಾಗುವಲ್ಲಿ. ಖಾನಾಪುರದ ರೌಟರ್‌ನಲ್ಲಿ ಏನನ್ನು ಬರೆದರೂ ಪ್ಯಾಕೆಟ್ ಆ ಇಕ್ಕಟ್ಟನ್ನು ದಾಟಿ ಬಂದಾಗಿರುತ್ತದೆ. ಆಣೆಕಟ್ಟಿನ ಕೆಳಗೆ ನಿಂತು ಬಾಗಿಲು ನಿಯಂತ್ರಿಸಲಾಗದು.

ಇದಕ್ಕೆ ಎರಡು ಮಾರ್ಗೋಪಾಯಗಳಿವೆ. ಒಂದು, ಬೆಳಗಾವಿಯ ಜಿಲ್ಲಾ ಕೇಂದ್ರದ ರೌಟರ್‌ನಲ್ಲಿ ಖಾನಾಪುರದ ಹೆಸರಿನಲ್ಲಿ ಪ್ರತ್ಯೇಕವಾಗಿ 9.5 ಮೆಗಾಬಿಟ್‌ನ ಶೇಪಿಂಗ್ ಅಳವಡಿಸಿ ಅಲ್ಲಿಯೇ ವರ್ಗವಾರು ಸರತಿ ಏರ್ಪಡಿಸುವುದು. ಬೆಳಗಾವಿಯ ಮಾರ್ಗವು ದೊಡ್ಡದಾಗಿರುತ್ತದೆ. ಅಲ್ಲಿ ಒಟ್ಟಾರೆ ಇಕ್ಕಟ್ಟಿಲ್ಲದಿದ್ದರೂ ಖಾನಾಪುರದ ಪಾಲಿಗೆ ಇಕ್ಕಟ್ಟು ಇದ್ದೇ ಇರುತ್ತದೆ ಎಂಬುದನ್ನು ರೌಟರ್‌ಗೆ ತಿಳಿಸಿಕೊಟ್ಟಂತೆ ಇದು. ಪ್ರತಿಯೊಂದು ತಾಲ್ಲೂಕಿಗೂ ಅದರದರ ಗುತ್ತಿಗೆಯ ವೇಗಕ್ಕೆ ತಕ್ಕ ಪ್ರತ್ಯೇಕ ನಿಯಮ ಬೇಕಾಗುತ್ತದೆ. ಖಾನಾಪುರಕ್ಕೆ ಹೋಗುವ ಎಲ್ಲ ಪ್ರವಾಹವೂ ಬೆಳಗಾವಿಯನ್ನು ಹಾದುಹೋಗುವ ರಚನೆಯಲ್ಲಿ ಮಾತ್ರ ಈ ಉಪಾಯ ಫಲಿಸುತ್ತದೆ. ಎಂಪಿಎಲ್‌ಎಸ್ ವಿಧಾನದ ಖಾಸಗಿ ಜಾಲಗಳಲ್ಲಿ ಬೆಂಗಳೂರಿನ ದತ್ತಾಂಶ ಕೇಂದ್ರವು ಬೆಳಗಾವಿಯನ್ನು ಮುಟ್ಟದೆ ನೇರವಾಗಿ ಖಾನಾಪುರಕ್ಕೆ ಕಳುಹಿಸುವುದು ಸಾಧ್ಯ. ಆಗ ಬೆಳಗಾವಿಯಿಂದ 9.5, ಬೆಂಗಳೂರಿನಿಂದ ಮತ್ತೊಂದಿಷ್ಟು ಎಂಬಂತೆ ಎರಡು ಕಡೆಯಿಂದ ಬಂದ ಪ್ರವಾಹಗಳು ಸೇವಾದಾತರ ಕೊನೆಯ ಸಾಧನದಲ್ಲಿ ಡಿಕ್ಕಿಯಾಗುತ್ತವೆ. ಬೆಳಗಾವಿಯ ನಿಯಮ ನಿಷ್ಪ್ರಯೋಜಕವಾಗುತ್ತದೆ.

ಅಂತಹ ರಚನೆಯಲ್ಲಿ ಎರಡನೆಯ ಉಪಾಯವೊಂದೇ ಉಳಿಯುತ್ತದೆ: ಸೇವಾದಾತರಿಂದಲೇ ವರ್ಗವಾರು ಸೇವೆಯನ್ನು ಗುತ್ತಿಗೆಯಲ್ಲಿ ಸೇರಿಸಿ ಪಡೆಯುವುದು. ಇದಕ್ಕೆ ಎರಡೂ ಕಡೆಯವರಿಗೆ ಒಪ್ಪಿಗೆಯಾದ ಗುರುತುಗಳು ಅಗತ್ಯ.

ಗುರುತುಗಳು

ಐಪಿ ಪ್ಯಾಕೆಟ್‌ನ ಶಿರೋಭಾಗದಲ್ಲಿ ಡಿಎಸ್‌ಸಿಪಿ ಎಂಬ 6 ಬಿಟ್‌ಗಳ ಸ್ಥಳವಿದೆ. 1998ರ ಡಿಸೆಂಬರ್‌ನಲ್ಲಿ ಅಂತರ್ಜಾಲದ ಮಾನಕ ಸಂಸ್ಥೆಯಾದ ಐಇಟಿಎಫ್ ಇದನ್ನು ನಿಗದಿಪಡಿಸಿತು. ಇದರಲ್ಲಿ 64 ಬೆಲೆಗಳನ್ನು ಬರೆಯಬಹುದು. ಧ್ವನಿಗೆ 46, ವೀಡಿಯೋ ಸಭೆಗೆ 34, ಮುಖ್ಯ ವ್ಯವಹಾರಗಳಿಗೆ 26, ಕೊನೆಯ ಆದ್ಯತೆಯ ಪ್ರವಾಹಕ್ಕೆ 8, ಉಳಿದುದಕ್ಕೆ 0 ಎಂಬ ಬಳಕೆ ವ್ಯಾಪಕವಾಗಿದೆ. ಇವು ಪದ್ಧತಿಯಿಂದ ಬಂದವೇ ಹೊರತು ಬೆಲೆಯಲ್ಲಿಯೇ ಯಾವ ಶಕ್ತಿಯೂ ಇಲ್ಲ. 46 ಎಂಬ ಗುರುತು ಹೊತ್ತ ಪ್ಯಾಕೆಟ್ ಆ ಗುರುತನ್ನು ಓದದ ಸಾಧನಕ್ಕೆ ಬಂದರೆ ಸಾಮಾನ್ಯ ಪ್ಯಾಕೆಟ್‌ನಂತೆಯೇ ಸರತಿಯಲ್ಲಿ ನಿಲ್ಲುತ್ತದೆ.

ಎಂಪಿಎಲ್‌ಎಸ್ ಜಾಲದ ಒಳಗೆ ಇದೇ ಉದ್ದೇಶಕ್ಕೆ 3 ಬಿಟ್‌ಗಳು ಮಾತ್ರ ಲಭ್ಯ. ಅಂದರೆ 64 ಬೆಲೆಗಳು 8ಕ್ಕೆ ಇಳಿಯುತ್ತವೆ. ಸೇವಾದಾತರು ಮಾರಾಟ ಮಾಡುವ ವರ್ಗಗಳು ಅದಕ್ಕಿಂತಲೂ ಕಡಿಮೆ, ಸಾಮಾನ್ಯವಾಗಿ 3ರಿಂದ 6. ಕಚೇರಿಯು ತನ್ನೊಳಗೆ ಎಂಟು ವರ್ಗಗಳನ್ನು ರೂಪಿಸಿಕೊಂಡಿದ್ದರೂ ಸೇವಾದಾತರ ಹೊಸ್ತಿಲಿನಲ್ಲಿ ಅವುಗಳನ್ನು ನಾಲ್ಕಕ್ಕೆ ಮಡಚಬೇಕಾಗಬಹುದು. ಯಾವುದನ್ನು ಯಾವುದರೊಂದಿಗೆ ಸೇರಿಸಬೇಕೆಂಬುದು ಮುಖ್ಯ. ಕೌಂಟರ್ ವ್ಯವಹಾರವನ್ನೂ ದೊಡ್ಡ ಕಡತ ವರ್ಗಾವಣೆಯನ್ನೂ ಒಂದೇ ವರ್ಗಕ್ಕೆ ಸೇರಿಸಿದರೆ ಇಷ್ಟು ಶ್ರಮವೆಲ್ಲ ವ್ಯರ್ಥ.

ಗುತ್ತಿಗೆಗೆ ಮುನ್ನ ಸೇವಾದಾತರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಅವರು ಯಾವ ಬೆಲೆಗಳನ್ನು ಗುರುತಿಸುತ್ತಾರೆ? ಗುರುತಿಸದ ಬೆಲೆಯನ್ನು 0 ಮಾಡಿಬಿಡುತ್ತಾರೆಯೇ, ಅಥವಾ ಒಳಗೆ ತಮ್ಮದೇ ಗುರುತು ಹಚ್ಚಿ ಕಚೇರಿಯ ಗುರುತನ್ನು ಹಾಗೆಯೇ ಆಚೆ ದಡಕ್ಕೆ ತಲುಪಿಸುತ್ತಾರೆಯೇ? ಆದ್ಯತಾ ವರ್ಗದಲ್ಲಿ ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಬಿಸಾಡುತ್ತಾರೆಯೇ, ಕೆಳಗಿನ ವರ್ಗಕ್ಕೆ ಇಳಿಸುತ್ತಾರೆಯೇ? ಖಾನಾಪುರದ ಕಡೆಗಿನ ಕೊನೆಯ ಸಾಧನದಲ್ಲಿ ವರ್ಗವಾರು ಹಂಚಿಕೆ ನಿಜವಾಗಿ ಅಳವಡಿಕೆಯಾಗಿದೆಯೇ? ಕೊನೆಯ ಪ್ರಶ್ನೆಗೆ ಮೌಖಿಕ ಉತ್ತರವನ್ನು ಒಪ್ಪಿಕೊಳ್ಳಬಾರದು.

ಗುರುತು ಹಾಕುವ ಅಧಿಕಾರ ಯಾರದು ಎಂಬುದೂ ಮುಖ್ಯ. ಯಾವುದೇ ಗಣಕಯಂತ್ರವು ತನ್ನ ಪ್ಯಾಕೆಟ್‌ಗೆ ತಾನೇ 46 ಎಂದು ಬರೆದುಕೊಳ್ಳಬಲ್ಲದು. ಆದುದರಿಂದ ದೂರವಾಣಿ ಉಪಕರಣ ಮತ್ತು ವೀಡಿಯೋ ಸಭೆಯ ಉಪಕರಣಗಳ ಗುರುತನ್ನು ಮಾತ್ರ ನಂಬಿ, ಉಳಿದೆಲ್ಲ ಯಂತ್ರಗಳ ಗುರುತನ್ನು ಕಚೇರಿಯ ಸ್ವಿಚ್ ಅಥವಾ ರೌಟರ್‌ನ ಪ್ರವೇಶದಲ್ಲಿಯೇ ಅಳಿಸಿ ಹೊಸದಾಗಿ ಬರೆಯಬೇಕು. 2000ರ ದಶಕದಲ್ಲಿ ತಂತ್ರಾಂಶವನ್ನು ಪೋರ್ಟ್ ಸಂಖ್ಯೆಯಿಂದ ಗುರುತಿಸುವುದು ಸುಲಭವಾಗಿತ್ತು. ಈಗ ಬಹುತೇಕ ಎಲ್ಲವೂ ಗೂಢಲಿಪಿಯಲ್ಲಿ 443 ಎಂಬ ಒಂದೇ ಪೋರ್ಟ್ ಮೂಲಕ ಸಾಗುವುದರಿಂದ ಪಹಣಿಯ ತಂತ್ರಾಂಶವೂ ಮನರಂಜನೆಯ ತಾಣವೂ ಹೊರನೋಟಕ್ಕೆ ಒಂದೇ. ದತ್ತಾಂಶ ಕೇಂದ್ರದಲ್ಲಿರುವ ಆಯಾ ಸೇವೆಯ ಐಪಿ ವಿಳಾಸಗಳನ್ನು ಆಧರಿಸಿ ವರ್ಗೀಕರಿಸುವುದು ಇಂದಿಗೆ ಹೆಚ್ಚು ನಂಬಲರ್ಹ ವಿಧಾನ. ಆ ವಿಳಾಸಗಳು ಬದಲಾದಾಗ ತಾಲ್ಲೂಕುಗಳಿಗೆ ಸೂಚನೆ ಹೋಗುವ ವ್ಯವಸ್ಥೆಯೂ ಇರಬೇಕು.

ಹಂಚಿಕೆ

9.5 ಮೆಗಾಬಿಟ್‌ನ ಹಂಚಿಕೆಯನ್ನು ಧ್ವನಿಯಿಂದ ಆರಂಭಿಸುವುದು ಅನುಕೂಲ, ಏಕೆಂದರೆ ಅದರ ಲೆಕ್ಕ ನಿಖರ. ಜಿ.711 ವಿಧಾನದ ಕರೆಯೊಂದು ಸೆಕೆಂಡಿಗೆ 200 ಬೈಟ್‌ನ 50 ಪ್ಯಾಕೆಟ್‌ಗಳನ್ನು ಕಳುಹಿಸುತ್ತದೆ; ತಂತಿಯ ಹೊರೆ ಸೇರಿ 238 ಬೈಟ್, ಅಂದರೆ ಒಂದು ದಿಕ್ಕಿಗೆ 95.2 ಕಿಲೋಬಿಟ್. ಏಕಕಾಲದ 10 ಕರೆಗಳಿಗೆ ಸುಮಾರು 1 ಮೆಗಾಬಿಟ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನಂತೆ ಏಕಮುಖ ವಿಳಂಬವು 150 ಮಿಲಿಸೆಕೆಂಡ್ ಮೀರದಿದ್ದರೆ ಸಂಭಾಷಣೆಗೆ ಸಾಮಾನ್ಯವಾಗಿ ತೊಡಕಾಗದು. ಆದುದರಿಂದ ಧ್ವನಿಗೆ ಎಲ್ಲಕ್ಕಿಂತ ಮೊದಲು ಹೋಗುವ ಕಟ್ಟುನಿಟ್ಟಿನ ಆದ್ಯತೆ ಬೇಕು. ಜೊತೆಗೆ ಗರಿಷ್ಠ ಮಿತಿಯೂ ಬೇಕು, ಇಲ್ಲವಾದಲ್ಲಿ ಉಳಿದವು ಹಸಿದು ಕೂರುತ್ತವೆ. ಹನ್ನೊಂದನೆಯ ಕರೆಯನ್ನು ದೂರವಾಣಿ ವ್ಯವಸ್ಥೆಯೇ ನಿರಾಕರಿಸುವಂತೆ ಮಾಡಬೇಕು. ಅದನ್ನು ಒಳಗೆ ಬಿಟ್ಟರೆ ಕೆಡುವುದು ಹನ್ನೊಂದನೆಯದು ಮಾತ್ರವಲ್ಲ, ಹನ್ನೊಂದೂ ಕರೆಗಳು.

ವೀಡಿಯೋ ಸಭೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. 1 ಮೆಗಾಬಿಟ್‌ನ ಸಭೆಗೆ ಶೇಕಡಾ 20ರಷ್ಟು ಹೆಚ್ಚುವರಿ ಸೇರಿಸಿ 1.2 ಮೆಗಾಬಿಟ್ ಕಾಯ್ದಿರಿಸಿದರೆ ಸಾಕು. ಮೇಲಧಿಕಾರಿಗಳ ಸಭೆಯಲ್ಲಿ ಚಿತ್ರ ಒಡೆಯಬಾರದೆಂಬ ಎಚ್ಚರಿಕೆಯಿಂದ ಮಾರ್ಗದ ಅರ್ಧಭಾಗವನ್ನೇ ಅದಕ್ಕೆ ಆದ್ಯತೆಯಾಗಿ ಬರೆದಿಡುವ ಪ್ರವೃತ್ತಿ ಉಂಟು. ವೀಡಿಯೋ ಉಪಕರಣಗಳು ಸಿಕ್ಕಷ್ಟನ್ನೂ ಬಳಸಿಕೊಳ್ಳುತ್ತವೆ. ಸಭೆಗಳು ನಡೆಯುವುದೂ ಕಚೇರಿ ವೇಳೆಯಲ್ಲಿ, ಕೌಂಟರ್‌ನಲ್ಲಿ ಜನ ತುಂಬಿರುವುದೂ ಅದೇ ವೇಳೆಯಲ್ಲಿ. ಚಿತ್ರದ ಸ್ಪಷ್ಟತೆ ಕೊಂಚ ತಗ್ಗಿದರೆ ಸಭೆ ನಿಲ್ಲುವುದಿಲ್ಲ. ಕೌಂಟರ್ ನಿಂತರೆ ಹೊರಗೆ ಸಾಲು ಬೆಳೆಯುತ್ತದೆ. ಧ್ವನಿ ಮತ್ತು ವೀಡಿಯೋ ಎರಡೂ ಸೇರಿ ಒಟ್ಟು ಮಾರ್ಗದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬ ರೂಢಿಯನ್ನು ಪಾಲಿಸುವುದು ಕ್ಷೇಮ. ಮೇಲಿನ ಲೆಕ್ಕದಲ್ಲಿ ಇವು 2.2 ಮೆಗಾಬಿಟ್, ಅಂದರೆ ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ.

ಕೌಂಟರ್ ವ್ಯವಹಾರಗಳಿಗೆ, ಅಂದರೆ ಭೂದಾಖಲೆ, ನಾಡಕಚೇರಿಯ ಪ್ರಮಾಣಪತ್ರ, ನೋಂದಣಿ ಮತ್ತು ಖಜಾನೆಯ ತಂತ್ರಾಂಶಗಳಿಗೆ, 3.5 ಮೆಗಾಬಿಟ್‌ನ ಖಾತರಿ ನೀಡಬಹುದು. ಇ-ಕಚೇರಿ ಮತ್ತು ಇ-ಅಂಚೆಗೆ 1.8, ರೌಟರ್‌ಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಮಾಹಿತಿಗೆ 0.3, ವರ್ಗೀಕರಣಕ್ಕೆ ಒಳಪಡದ ಸಾಮಾನ್ಯ ಪ್ರವಾಹಕ್ಕೆ 1.5, ತಂತ್ರಾಂಶ ನವೀಕರಣ ಮತ್ತು ಬ್ಯಾಕಪ್‌ಗೆ 0.2. ಒಟ್ಟು 9.5. ಖಾತರಿ ಎಂದರೆ ಇಕ್ಕಟ್ಟಿನ ಸಮಯದ ಕನಿಷ್ಠ ಪಾಲು, ಮೇಲ್ಮಿತಿಯಲ್ಲ. ಕೌಂಟರ್ ಮುಚ್ಚಿದ ನಂತರ ಬ್ಯಾಕಪ್ ಇಡೀ ಮಾರ್ಗವನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ. ಇ-ಕಚೇರಿಯ ಸ್ಕ್ಯಾನ್ ಕಡತಗಳು ತಮ್ಮ ವರ್ಗದೊಳಗೆ ಉದ್ದನೆಯ ಸರತಿ ಕಟ್ಟದಂತೆ ಆ ವರ್ಗದ ಸರತಿಯ ಉದ್ದವನ್ನು ಮೊಟಕುಗೊಳಿಸಿ, ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಕೈಬಿಡುವ ವಿಧಾನವನ್ನು ಅಳವಡಿಸಬೇಕು. ಕಳೆದ ಪ್ಯಾಕೆಟ್‌ನ ಸೂಚನೆ ಸಿಕ್ಕೊಡನೆ ಕಳುಹಿಸುವ ಯಂತ್ರವು ತನ್ನ ವೇಗವನ್ನು ತಾನಾಗಿ ತಗ್ಗಿಸಿಕೊಳ್ಳುತ್ತದೆ.

ಈ ಹಂಚಿಕೆಯ ಅಂಕಿಗಳನ್ನು ತಂತ್ರಜ್ಞರು ಏಕಾಂಗಿಯಾಗಿ ನಿರ್ಧರಿಸಬಾರದು. ಯಾವ ಸೇವೆ ಕಾಯಬೇಕು ಎಂಬುದು ಆಡಳಿತಾತ್ಮಕ ತೀರ್ಮಾನ. ಸಂಬಂಧಿಸಿದ ಇಲಾಖೆಗಳ ಒಪ್ಪಿಗೆ ಪಡೆದು, ಆದ್ಯತೆಯ ಕ್ರಮವನ್ನು ಕಚೇರಿ ಆದೇಶದ ರೂಪದಲ್ಲಿ ದಾಖಲಿಸಿ, ಅದನ್ನೇ ರೌಟರ್‌ನಲ್ಲಿ ಬರೆಯುವುದು ಸರಿಯಾದ ಕ್ರಮ. ಎಲ್ಲ ಶಾಖೆಗಳೂ ತಮ್ಮ ಕೆಲಸವೇ ತುರ್ತು ಎಂದು ಕೋರಿದಾಗ ಎಲ್ಲರಿಗೂ ಆದ್ಯತೆ ನೀಡಿದರೆ ಯಾರಿಗೂ ನೀಡಿದಂತಾಗುವುದಿಲ್ಲ.

ಗುಣಮಟ್ಟದ ನಿಯಮಕ್ಕೆ ನಿಲುಕದ ಸಂಗತಿಗಳು

ದೂರದಿಂದ ಉಂಟಾಗುವ ವಿಳಂಬವನ್ನು ಯಾವ ನಿಯಮವೂ ತಗ್ಗಿಸದು. ಬೆಳಕು ಎಳೆತಂತುವಿನಲ್ಲಿ ಒಂದು ಕಿ.ಮೀ. ಸಾಗಲು ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ. ಎಂದರೆ 2.5 ಮಿಲಿಸೆಕೆಂಡ್, ಇದು ಗಣ್ಯವಲ್ಲ. ಅರಣ್ಯದ ಅಂಚಿನ ಕಚೇರಿಗೆ ಭೂಸ್ಥಿರ ಉಪಗ್ರಹದ ಮೂಲಕ ಸಂಪರ್ಕ ನೀಡಿದರೆ ಸಂಕೇತವು 35,786 ಕಿ.ಮೀ. ಎತ್ತರಕ್ಕೆ ಏರಿ ಇಳಿಯಲು ಕನಿಷ್ಠ 240 ಮಿಲಿಸೆಕೆಂಡ್ ಬೇಕು. ಅಲ್ಲಿ ಧ್ವನಿಗೆ ಎಷ್ಟೇ ಆದ್ಯತೆ ನೀಡಿದರೂ 150ರ ಮಿತಿಯೊಳಗೆ ತರಲಾಗದು.

ಮಳೆಗಾಲ ಖಾನಾಪುರ ಭಾಗದ ಪ್ರತ್ಯೇಕ ವಿಚಾರ. ಮಾರ್ಗದ ಒಂದು ತುಂಡು ಮೈಕ್ರೋವೇವ್ ರೇಡಿಯೋ ಆಗಿದ್ದರೆ ಜಡಿಮಳೆಯಲ್ಲಿ ರೇಡಿಯೋ ಉಪಕರಣವು ಸಂಪರ್ಕ ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವೇಗವು 4 ಮೆಗಾಬಿಟ್‌ಗೆ ಇಳಿದಾಗ ರೌಟರ್‌ನಲ್ಲಿ 9.5 ಎಂದೇ ಬರೆದಿದ್ದರೆ ಸರತಿ ಮತ್ತೆ ಕಚೇರಿಯ ಕೈತಪ್ಪಿ ರೇಡಿಯೋ ಉಪಕರಣಕ್ಕೆ ಹೋಗುತ್ತದೆ. ನಿಯಮ ಅತ್ಯಂತ ಅಗತ್ಯವಿರುವ ದಿನವೇ ಅದು ಕೆಲಸ ಮಾಡುವುದಿಲ್ಲ. ಇದಕ್ಕೆ ಎಳೆತಂತು ಮಾರ್ಗವೇ ಉತ್ತಮ ಪರಿಹಾರ. ಅದು ಸಾಧ್ಯವಾಗದಿದ್ದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಪಿಂಗ್ ಮಿತಿಯನ್ನು ಇಳಿಸಿಡುವುದು, ಇಲ್ಲವೆ ರೇಡಿಯೋ ಉಪಕರಣವೇ ಡಿಎಸ್‌ಸಿಪಿ ಗುರುತನ್ನು ಓದಿ ಸರತಿ ನಿರ್ವಹಿಸುವಂತೆ ಮಾಡುವುದು.

ಎಳೆತಂತು ಹೆದ್ದಾರಿ ಕಾಮಗಾರಿಯಲ್ಲಿ ಕಡಿದುಹೋದರೆ ಪರ್ಯಾಯವಾಗಿ ಮೊಬೈಲ್ ಜಾಲ ಅಥವಾ ಸಾಮಾನ್ಯ ಬ್ರಾಡ್‌ಬ್ಯಾಂಡ್ ಬಳಕೆಯಾಗುತ್ತದೆ. ಸಾರ್ವಜನಿಕ ಅಂತರ್ಜಾಲದಲ್ಲಿ ಕಚೇರಿಯ ಗುರುತುಗಳಿಗೆ ಬೆಲೆಯಿಲ್ಲ. ಭಾರತದಲ್ಲಿ 2018ರಲ್ಲಿ ಅಂಗೀಕಾರವಾದ ಜಾಲ ತಾಟಸ್ಥ್ಯದ ತತ್ವವು ಸಾರ್ವಜನಿಕ ಅಂತರ್ಜಾಲ ಸೇವೆಯಲ್ಲಿ ವಿಷಯವಾರು ತಾರತಮ್ಯವನ್ನು ನಿರ್ಬಂಧಿಸುತ್ತದೆ. ಕಚೇರಿಯು ತನ್ನದೇ ಖಾಸಗಿ ಜಾಲದೊಳಗೆ ಮಾಡಿಕೊಳ್ಳುವ ಆದ್ಯತೆಗೆ ಅದು ಅನ್ವಯಿಸುವುದಿಲ್ಲ. ಪರ್ಯಾಯ ಮಾರ್ಗದಲ್ಲಿ ಗೂಢಲಿಪಿಯ ಸುರಂಗ ಬಳಸುವಾಗ ಒಳಗಿನ ಪ್ಯಾಕೆಟ್‌ನ ಗುರುತು ಹೊರಗಿನ ಶಿರೋಭಾಗಕ್ಕೆ ನಕಲಾಗುತ್ತದೆಯಾದರೂ ಐಪಿ ವಿಳಾಸಗಳು ಮರೆಯಾಗುತ್ತವೆ. ವರ್ಗೀಕರಣ ಸುರಂಗಕ್ಕೆ ಸೇರುವ ಮುನ್ನವೇ ಮುಗಿದಿರಬೇಕು. ಪರ್ಯಾಯ ಮಾರ್ಗಕ್ಕೆ ಅದರ ಕಡಿಮೆ ವೇಗಕ್ಕೆ ತಕ್ಕ ಬೇರೆಯೇ ನಿಯಮ ಬರೆದು, ಅದರಲ್ಲಿ ಕೌಂಟರ್ ಮತ್ತು ಧ್ವನಿಗೆ ಮಾತ್ರ ಸ್ಥಳ ನೀಡಿ ವೀಡಿಯೋ ಸಭೆಯನ್ನು ಕೈಬಿಡುವುದು ವಾಸ್ತವಿಕ.

ಪರಿಶೀಲನೆ

ಮಾರ್ಗ ಖಾಲಿ ಇರುವಾಗ ನಡೆಸಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಕಚೇರಿ ವೇಳೆಯ ನಂತರ ದೊಡ್ಡ ಕಡತವೊಂದನ್ನು ಮೊದಲು ಖಾನಾಪುರದಿಂದ ಹೊರಕ್ಕೆ, ಬಳಿಕ ಖಾನಾಪುರದತ್ತ ಕಳುಹಿಸಿ ಮಾರ್ಗವನ್ನು ಉದ್ದೇಶಪೂರ್ವಕವಾಗಿ ಭರ್ತಿ ಮಾಡಬೇಕು. ಅದೇ ವೇಳೆ ಪ್ರತಿಯೊಂದು ವರ್ಗದ ಗುರುತು ಹೊತ್ತ ಪರೀಕ್ಷಾ ಪ್ಯಾಕೆಟ್‌ಗಳನ್ನು ಕಳುಹಿಸಿ ವಿಳಂಬ, ವಿಳಂಬದ ಏರುಪೇರು ಮತ್ತು ನಷ್ಟವನ್ನು ಅಳೆಯಬೇಕು. ಧ್ವನಿ ಮತ್ತು ಕೌಂಟರ್ ವರ್ಗದ ವಿಳಂಬ ಬಹುತೇಕ ಬದಲಾಗದೆ ಸಾಮಾನ್ಯ ವರ್ಗದ ವಿಳಂಬ ಮಾತ್ರ ಏರಿದರೆ ಏರ್ಪಾಡು ಸರಿಯಾಗಿದೆ. ಎಲ್ಲವೂ ಒಟ್ಟಿಗೆ ಏರಿದರೆ ಸರತಿ ಇನ್ನೂ ಸೇವಾದಾತರ ಸಾಧನದಲ್ಲಿಯೇ ಇದೆಯೆಂದು ತಿಳಿಯಬೇಕು. ಆಗ ಶೇಪಿಂಗ್ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಹೊರಡುವ ದಿಕ್ಕು ಸರಿಯಿದ್ದು ಬರುವ ದಿಕ್ಕು ಮಾತ್ರ ಕೆಟ್ಟಿದ್ದರೆ ದೋಷವು ಬೆಳಗಾವಿಯ ನಿಯಮದಲ್ಲಿ ಅಥವಾ ಸೇವಾದಾತರ ಕೊನೆಯ ಸಾಧನದಲ್ಲಿದೆ.

ಎರಡೂ ತುದಿಗಳಲ್ಲಿ ಪ್ಯಾಕೆಟ್‌ಗಳನ್ನು ಸೆರೆಹಿಡಿದು ಹೊರಟ ಗುರುತು ಹಾಗೆಯೇ ತಲುಪಿದೆಯೇ ಎಂದು ನೋಡುವುದು ಕೆಲವೇ ನಿಮಿಷಗಳ ಕೆಲಸ. ಸೇವಾದಾತರು ತಮ್ಮ ಸಾಧನ ಬದಲಿಸಿದ ಪ್ರತಿ ಸಂದರ್ಭದಲ್ಲಿಯೂ ಇದನ್ನು ಮಾಡತಕ್ಕದ್ದು.

ಮಾರ್ಗದ ವೇಗವನ್ನು ಹೆಚ್ಚಿಸಿದ ದಿನವೇ ಖಾನಾಪುರ ಮತ್ತು ಬೆಳಗಾವಿ ಎರಡೂ ಕಡೆಯ ಶೇಪಿಂಗ್ ಅಂಕಿಯನ್ನು ಬದಲಿಸಲು ಮರೆಯಬಾರದು. 20 ಮೆಗಾಬಿಟ್‌ಗೆ ಬಾಡಿಗೆ ಪಾವತಿಸುತ್ತಿದ್ದು ರೌಟರ್‌ನಲ್ಲಿ 9.5 ಎಂದೇ ಉಳಿದಿದ್ದರೆ ಕಚೇರಿಗೆ ದೊರೆಯುವುದು 9.5 ಮಾತ್ರ, ವೇಗ ಹೆಚ್ಚಿಲ್ಲವೆಂಬ ದೂರನ್ನು ಸೇವಾದಾತರಿಗೆ ಸಲ್ಲಿಸುವ ಮೊದಲು ನೋಡಬೇಕಾದ ಸಾಲು ಅದು.